ವಾರಂಟಿ ಮುಗಿಯುವ ಮುನ್ನ ಲಾರಿಯನ್ನು ಎಲ್ಲಿ ಬಿಡಬೇಕು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ನನ್ನದು ಒಂದೇ ಲಾರಿ, ಹತ್ತು ಚಕ್ರದ್ದು, ಹೊಗೆ ನಿಯಂತ್ರಣದ ಬಿಎಸ್ 6 ಮಾನದಂಡದ್ದು. ನಾನೇ ಓಡಿಸುತ್ತೇನೆ. ನಮ್ಮ ಕಡೆಯ ಮೆಕ್ಕೆಜೋಳವನ್ನು ನಾಮಕ್ಕಲ್ಲಿನ ಕೋಳಿ ಆಹಾರದ ಕಾರ್ಖಾನೆಗಳಿಗೆ ಹೊಡೆಯುತ್ತೇನೆ, ಬರುವಾಗ ಸಿಕ್ಕ ಬಾಡಿಗೆ ಹಾಕಿಕೊಂಡು ಬರುತ್ತೇನೆ. ತಿಂಗಳಿಗೆ ಎಂಟು ಟ್ರಿಪ್ ಆಗುತ್ತದೆ, ಹೋಗಿ ಬರಲು ಸುಮಾರು 1,100 ಕಿ.ಮೀ. ಎಂಜಿನ್, ಗೇರ್‌ಬಾಕ್ಸ್, ಹೌಸಿಂಗ್‌ಗೆ (ಹಿಂದಿನ ಆಕ್ಸಲಿನ ಗೇರುಗಳಿರುವ ಭಾಗ) ನಾಲ್ಕು ವರ್ಷ ಅಥವಾ ನಾಲ್ಕು ಲಕ್ಷ ಕಿ.ಮೀ. ವಾರಂಟಿ ಎಂದು ಪುಸ್ತಕದಲ್ಲಿದೆ. ಇನ್ನೂ ಏಳು ತಿಂಗಳು ಉಳಿದಿದೆ, ಮೀಟರ್ 3,62,000 ತೋರಿಸುತ್ತಿದೆ. ಇಲ್ಲಿಯವರೆಗೆ ಐವತ್ತು ಕಿ.ಮೀ. ದೂರದ ಶೋರೂಮಿನಲ್ಲೇ ಸರ್ವಿಸ್ ಮಾಡಿಸಿದ್ದೇನೆ, ಆದರೆ ಒಮ್ಮೆ ಬಿಟ್ಟರೆ ಎರಡು ದಿನ ಹೋಗುತ್ತದೆ. ನಮ್ಮೂರಿನ ಮೇಸ್ತ್ರಿ ಅಪ್ಪನ ಕಾಲದಿಂದ ಗೊತ್ತಿರುವವರು, ವಾರಂಟಿ ಮುಗಿದ ಮೇಲೆ ತಮ್ಮ ಹತ್ತಿರವೇ ತನ್ನಿ ಎನ್ನುತ್ತಾರೆ. ಶೋರೂಮಿನವರು ವಿಸ್ತರಿತ ವಾರಂಟಿಯನ್ನೂ ವಾರ್ಷಿಕ ನಿರ್ವಹಣಾ ಒಪ್ಪಂದವನ್ನೂ ಮಾಡಿಸಿಕೊಳ್ಳಿ ಎಂದು ಒತ್ತಾಯಿಸುತ್ತಿದ್ದಾರೆ. ಲಾರಿಯಲ್ಲಿ ದೊಡ್ಡ ತೊಂದರೆಯೇನೂ ಇಲ್ಲ. ಬೆಳಿಗ್ಗೆ ಹೊತ್ತು ಎರಡನೇ ಗೇರ್ ಬಿಗಿಯಾಗಿ ಬೀಳುತ್ತದೆ, ತೊಪ್ಪೂರು ಘಾಟ್ ಇಳಿಯುವಾಗ ಹಿಂದಿನಿಂದ ಸಣ್ಣಗೆ ಕೊಯ್ ಎಂಬ ಶಬ್ದ ಬರುತ್ತದೆ, ವಾರಕ್ಕೆ ಅರ್ಧ ಲೀಟರ್ ಕೂಲಂಟ್ ಹಾಕಬೇಕಾಗುತ್ತದೆ. ಏನು ಮಾಡಲಿ?
— ಲಾರಿ ಮಾಲೀಕರೊಬ್ಬರು, ರಾಣೆಬೆನ್ನೂರು

ಉತ್ತರ: ಮೊದಲಿಗೆ ನಿಮ್ಮ ಲೆಕ್ಕವನ್ನು ತಿದ್ದಬೇಕಾಗಿದೆ. ನಿಮಗೆ ಏಳು ತಿಂಗಳು ಉಳಿದಿಲ್ಲ. ವರ್ಷ ಅಥವಾ ಕಿಲೋಮೀಟರ್, ಇವೆರಡರಲ್ಲಿ ಯಾವುದು ಮೊದಲು ತುಂಬುತ್ತದೆಯೋ ಅಲ್ಲಿಗೆ ವಾರಂಟಿ ಮುಗಿಯಿತು ಎಂಬುದು ಎಲ್ಲ ಕಂಪನಿಗಳ ಪುಸ್ತಕದಲ್ಲಿರುವ ನಿಯಮ. ಎಂಟು ಟ್ರಿಪ್ ಎಂದರೆ ತಿಂಗಳಿಗೆ 8,800 ಕಿ.ಮೀ. ಆಯಿತು. ಉಳಿದಿರುವುದು 38,000 ಕಿ.ಮೀ. ಆದ್ದರಿಂದ ನಾಲ್ಕು ತಿಂಗಳು ಕಳೆದು ಕೆಲವೇ ದಿನಗಳಲ್ಲಿ ನಿಮ್ಮ ವಾರಂಟಿ ಮುಗಿಯುತ್ತದೆ. ಸುಗ್ಗಿಯಲ್ಲಿ ಒಂದೆರಡು ಟ್ರಿಪ್ ಹೆಚ್ಚಾದರೆ ಅದಕ್ಕೂ ಮೊದಲೇ ಮುಗಿಯಬಹುದು. ತಾರೀಖನ್ನಷ್ಟೇ ನೆನಪಿಟ್ಟುಕೊಂಡು ಮೀಟರನ್ನು ಮರೆತ ಮಾಲೀಕರನ್ನು ನಾನು ಬಹಳ ಕಂಡಿದ್ದೇನೆ.

ಎರಡನೆಯದಾಗಿ, ದೊಡ್ಡ ತೊಂದರೆಯಿಲ್ಲ ಎಂದು ಬರೆದ ಮೇಲೆ ನೀವು ಹೇಳಿರುವ ಮೂರು ಸಂಗತಿಗಳೂ ಸಣ್ಣವಲ್ಲ. ಶೋರೂಮೋ ಮೇಸ್ತ್ರಿಯೋ ಎಂಬ ಪ್ರಶ್ನೆಗಿಂತ ಮೊದಲು ಇವುಗಳ ಇತ್ಯರ್ಥವಾಗಬೇಕು, ಏಕೆಂದರೆ ಮೂರೂ ವಾರಂಟಿ ಇರುವ ಭಾಗಗಳಿಗೇ ಸಂಬಂಧಪಟ್ಟಿವೆ.

ಕೂಲಂಟ್ ವಿಷಯವನ್ನು ಮೊದಲು ನೋಡೋಣ. ಆರೋಗ್ಯವಾಗಿರುವ ಎಂಜಿನ್ ವಾರಕ್ಕೆ ಅರ್ಧ ಲೀಟರ್ ಕೂಲಂಟ್ ಕುಡಿಯುವುದಿಲ್ಲ. ನೆಲದ ಮೇಲೆ ಹನಿ ಬೀಳುತ್ತಿದ್ದರೆ ಹೋಸ್, ವಾಟರ್ ಪಂಪ್, ರೇಡಿಯೇಟರ್ ಇವುಗಳಲ್ಲಿ ಒಂದೆಂದು ಹುಡುಕಬಹುದು, ಅದು ಸುಲಭದ ಕೆಲಸ. ಹನಿಯೇ ಕಾಣದೆ ಕಡಿಮೆಯಾಗುತ್ತಿದ್ದರೆ ಅದು ಒಳಗೇ ಹೋಗುತ್ತಿದೆ ಎಂದರ್ಥ. ಹೆಡ್ ಗ್ಯಾಸ್ಕೆಟ್ ಇರಬಹುದು, ನಿಮ್ಮ ಎಂಜಿನ್ನಿನಲ್ಲಿ ಇಜಿಆರ್ ಕೂಲರ್ (ಎಂಜಿನ್ನಿಗೆ ಮರಳಿ ಹೋಗುವ ಹೊಗೆಯನ್ನು ತಣ್ಣಗಾಗಿಸುವ ಭಾಗ) ಇದ್ದರೆ ಅದು ಒಳಗೆ ಸೀಳಿರಬಹುದು. ಇಜಿಆರ್ ಕೂಲರ್ ಸೀಳಿದಾಗ ಕೂಲಂಟ್ ಹೊಗೆಯ ದಾರಿಯಲ್ಲಿ ಸಾಗಿ ಸೈಲೆನ್ಸರ್ ಕಡೆ ಮಸಿಯನ್ನು ಹಿಡಿಯುವ ಡಿಪಿಎಫ್ ಫಿಲ್ಟರನ್ನೂ ಕೆಡಿಸುತ್ತದೆ, ಆಗ ಒಂದು ಭಾಗದ ಖರ್ಚು ಎರಡಾಗುತ್ತದೆ. ಕೂಲಿಂಗ್ ವ್ಯವಸ್ಥೆಗೆ ಒತ್ತಡ ಕೊಟ್ಟು ಪರೀಕ್ಷಿಸಿ ಎಂದು ನೀವಾಗಿಯೇ ಕೇಳಬೇಕು. ಕೂಲಂಟ್ ತುಂಬಿಸಿ ಕಳಿಸಿದರೆ ಅದನ್ನು ಪರಿಹಾರವೆಂದು ಒಪ್ಪಿಕೊಳ್ಳಬೇಡಿ.

ಘಾಟ್ ಇಳಿಯುವಾಗಿನ ಶಬ್ದವೂ ಅಷ್ಟೇ ಮುಖ್ಯ. ಧರ್ಮಪುರಿಯಿಂದ ಸೇಲಂ ಕಡೆಗೆ ತೊಪ್ಪೂರಿನಲ್ಲಿ ಇಳಿಯುವಾಗ ನೀವು ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಗಾಡಿಯನ್ನು ಹಿಡಿದಿರುತ್ತೀರಿ. ಆಗ ಎಂಜಿನ್ ಚಕ್ರವನ್ನು ಎಳೆಯುವುದಿಲ್ಲ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಹೌಸಿಂಗ್‌ನಲ್ಲಿರುವ ಕ್ರೌನ್ ಮತ್ತು ಪಿನಿಯನ್ ಎಂಬ ಗೇರುಗಳ ಹಲ್ಲುಗಳ ಇನ್ನೊಂದು ಮಗ್ಗುಲಿಗೆ ಭಾರ ಬೀಳುತ್ತದೆ. ಲೋಡ್ ಎಳೆಯುವಾಗ ಇಲ್ಲದ ಶಬ್ದ ಇಳಿಯುವಾಗ ಮಾತ್ರ ಬರುವುದಾದರೆ ಪಿನಿಯನ್ ಬೇರಿಂಗ್ ಸಡಿಲವಾಗಿದೆಯೇ ಎಂದು ನೋಡುವುದು ಮೊದಲ ಕೆಲಸ. ಹೌಸಿಂಗ್ ಆಯಿಲ್ ಇಳಿಸುವಾಗ ಎದುರಿಗೇ ನಿಂತುಕೊಳ್ಳಿ. ಡ್ರೈನ್ ಪ್ಲಗ್ಗಿನ ಆಯಸ್ಕಾಂತಕ್ಕೆ ಬೂದುಬಣ್ಣದ ನುಣುಪಾದ ಪೇಸ್ಟ್ ಅಂಟಿದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವಂಥ ಚೂರು ಸಿಕ್ಕಿದರೆ ಫೋಟೋ ತೆಗೆದುಕೊಂಡು, ಅದನ್ನು ಶೋರೂಮಿನವರು ಕೆಲಸದ ವಿವರ ಬರೆಯುವ ಜಾಬ್ ಕಾರ್ಡಿನಲ್ಲಿ ಬರೆಸಿ, ಹೌಸಿಂಗ್ ಬಿಚ್ಚಿ ನೋಡಲೇಬೇಕೆಂದು ಹೇಳಿ.

ಬೆಳಿಗ್ಗೆ ಮಾತ್ರ ಎರಡನೇ ಗೇರ್ ಬಿಗಿಯಾಗುವುದಕ್ಕೆ ಆಯಿಲ್ ತಣ್ಣಗಾಗಿ ಗಟ್ಟಿಯಾಗಿರುವುದು, ಕ್ಲಚ್ ಪೂರ್ತಿ ಬಿಡದಿರುವುದು, ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಸಿಂಕ್ರೊನೈಸರ್ ಸವೆದಿರುವುದು ಹೀಗೆ ಹಲವು ಕಾರಣಗಳಿರಬಹುದು. ಇವುಗಳಲ್ಲಿ ಕ್ಲಚ್ ಪ್ಲೇಟಿಗೆ ವಾರಂಟಿ ಸಿಗುವುದಿಲ್ಲ. ಬ್ರೇಕ್ ಲೈನಿಂಗ್, ಫಿಲ್ಟರ್, ಬಲ್ಬುಗಳಂತೆ ಅದನ್ನೂ ಸವೆಯುವ ಸಾಮಾನೆಂದೇ ಪರಿಗಣಿಸುತ್ತಾರೆ. ಸಿಂಕ್ರೊನೈಸರ್ ಗೇರ್‌ಬಾಕ್ಸಿನ ಒಳಭಾಗ. ಈ ವ್ಯತ್ಯಾಸ ತಿಳಿದಿದ್ದರೆ ಎಲ್ಲವನ್ನೂ ಕ್ಲಚ್ಚಿನ ತಲೆಗೆ ಕಟ್ಟುವ ಉತ್ತರ ಬಂದಾಗ ನೀವು ಮರುಪ್ರಶ್ನೆ ಕೇಳಬಹುದು.

ಇನ್ನು ನಾನು ಒತ್ತಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ವಾರಂಟಿಯ ಕೊನೆಯ ತಿಂಗಳುಗಳಲ್ಲಿ ರಿಪೇರಿಯಷ್ಟೇ ಮುಖ್ಯವಾದದ್ದು ಬರವಣಿಗೆ. ಬಾಯಿಮಾತಿನಲ್ಲಿ ಹೇಳಿದ ದೂರನ್ನು ನಾಳೆ ಯಾರೂ ಒಪ್ಪುವುದಿಲ್ಲ. ಜಾಬ್ ಕಾರ್ಡಿನಲ್ಲಿ ಗ್ರಾಹಕರು ಹೇಳಿದ ದೂರನ್ನು ಬರೆಯಲು ಜಾಗವಿರುತ್ತದೆ, ಅಲ್ಲಿ ಬಹಳ ಸಲ ಜನರಲ್ ಚೆಕಪ್ ಎಂದಷ್ಟೇ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ನಾನು ಸರ್ವಿಸ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ದಿನಗಳಲ್ಲಿ ಒಬ್ಬರು ಗೇರ್‌ಬಾಕ್ಸ್ ಶಬ್ದದ ಬಗ್ಗೆ ಮೂರು ಸರ್ವಿಸ್‌ಗಳಲ್ಲಿ ಸತತವಾಗಿ ಹೇಳಿದ್ದರು. ಮೂರು ಸಲವೂ ನಾವು ಅದನ್ನು ಕಾರ್ಡಿಗೆ ಏರಿಸಿರಲಿಲ್ಲ. ವಾರಂಟಿ ಮುಗಿದ ಮೂರನೇ ವಾರಕ್ಕೆ ಗೇರ್‌ಬಾಕ್ಸ್ ಕೂತಿತು. ಅವರು ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು, ಕಂಪನಿಗೆ ತೋರಿಸಲು ಕಾಗದ ಮಾತ್ರ ಇರಲಿಲ್ಲ, ಪೂರ್ತಿ ಖರ್ಚನ್ನು ಅವರೇ ಹೊತ್ತರು. ಆ ಕಾರ್ಡಿನಲ್ಲಿ ಒಂದು ಸಾಲು ಬರೆಯದೆ ಬಿಟ್ಟದ್ದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಆದ್ದರಿಂದ ಈ ತಿಂಗಳೇ ಒಂದು ದಿನ ನಿಗದಿ ಮಾಡಿಕೊಂಡು ಶೋರೂಮಿಗೆ ಹೋಗಿ. ನಾಲ್ಕು ಲಕ್ಷ ತುಂಬುವ ವಾರದವರೆಗೆ ಕಾಯಬೇಡಿ, ಏಕೆಂದರೆ ಮೊದಲ ಸಲ ಬಿಚ್ಚಿದಾಗ ಏನೂ ಸಿಗದೆ ಎರಡನೇ ಸಲ ಹೋಗಬೇಕಾದ ಸಂದರ್ಭ ಬರುತ್ತದೆ, ಭಾಗ ತರಿಸಿಕೊಳ್ಳಲು ದಿನಗಳು ಹಿಡಿಯುತ್ತವೆ. ಮೂರೂ ದೂರುಗಳನ್ನು ಯಾವಾಗ, ಯಾವ ಸ್ಥಿತಿಯಲ್ಲಿ, ಎಷ್ಟು ದಿನದಿಂದ ಎಂಬ ವಿವರದೊಂದಿಗೆ ಬರೆಸಿ, ಮೀಟರ್ ಓದು ಮತ್ತು ತಾರೀಖು ಸರಿಯಾಗಿದೆಯೇ ಎಂದು ನೋಡಿ, ಪ್ರತಿ ಪಡೆದುಕೊಳ್ಳಿ. ಇದೆಲ್ಲಾ ನಾರ್ಮಲ್ ಎಂದು ಯಾರಾದರೂ ಹೇಳಿದರೆ ಜಗಳವಾಡುವ ಅಗತ್ಯವಿಲ್ಲ, ಅದೇ ಮಾತನ್ನು ಕಾರ್ಡಿನ ಮೇಲೆ ಬರೆದು ಸಹಿ ಮಾಡಿಕೊಡಿ ಎಂದು ಕೇಳಿದರೆ ಸಾಕು. ಅದೇ ದಿನ ಕಂಪನಿಯ ಗ್ರಾಹಕ ಸೇವೆಗೆ ಚಾಸಿ ನಂಬರ್ ಹಾಕಿ ಒಂದು ಇಮೇಲ್ ಕಳಿಸಿ. ವಾರಂಟಿ ಇರುವಾಗಲೇ ದಾಖಲಾದ ದೋಷವು ಆಮೇಲೆ ದೊಡ್ಡದಾದರೆ ನಿಮ್ಮ ವಾದಕ್ಕೆ ಕಾಲೂರಲು ನೆಲವಿರುತ್ತದೆ.

ಅದೇ ಭೇಟಿಯಲ್ಲಿ ಸ್ಕ್ಯಾನರ್ ಹಾಕಿಸಿ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುನಲ್ಲಿ ಉಳಿದಿರುವ ಎಲ್ಲ ದೋಷದ ಕೋಡುಗಳ ಪ್ರಿಂಟ್ ತೆಗೆದುಕೊಳ್ಳಿ. ಡ್ಯಾಶ್‌ಬೋರ್ಡಿನಲ್ಲಿ ಒಮ್ಮೆ ಹೊತ್ತಿ ತಾನಾಗಿಯೇ ಆರಿದ ದೀಪದ ಗುರುತೂ ಅಲ್ಲಿ ಸಿಗಬಹುದು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗ್ ಕೆಳಗೆ ಆಯಿಲ್ ಒಸರಿದೆಯೇ, ಪಿನಿಯನ್ ಸೀಲ್ ಒದ್ದೆಯಾಗಿದೆಯೇ, ಟರ್ಬೋ ಪೈಪಿನಲ್ಲಿ ಪಸೆಗಿಂತ ಹೆಚ್ಚಾಗಿ ಆಯಿಲ್ ನಿಂತಿದೆಯೇ, ವೈರಿಂಗ್ ಎಲ್ಲಾದರೂ ಚಾಸಿಗೆ ಉಜ್ಜುತ್ತಿದೆಯೇ ಎಂದು ಗಾಡಿಯನ್ನು ಎತ್ತಿ ತೋರಿಸಲು ಹೇಳಿ. ಹೋಗುವ ಮುಂಚೆ ಚಾಸಿಯನ್ನು ತೊಳೆಸಿದ್ದರೆ ಹೊಸ ಒಸರು ಬೇಗ ಕಣ್ಣಿಗೆ ಬೀಳುತ್ತದೆ. ನಿಮ್ಮ ಮೇಸ್ತ್ರಿಯನ್ನೂ ಜೊತೆಗೆ ಕರೆದೊಯ್ಯಿರಿ. ಅವರ ಕಿವಿಗೆ ಕೇಳುವುದು ಎಷ್ಟೋ ಸಲ ಸ್ಕ್ಯಾನರಿಗೆ ಕಾಣುವುದಿಲ್ಲ.

ವಾರಂಟಿ ಮುಗಿದ ಮೇಲಿನ ಮಾತು ಬೇರೆ. ಆಗ ಎಲ್ಲ ಕೆಲಸವನ್ನೂ ಒಂದೇ ಕಡೆ ಮಾಡಿಸಬೇಕೆಂಬ ನಿಯಮವಿಲ್ಲ. ಗ್ರೀಸಿಂಗ್, ಬ್ರೇಕ್, ಪಾಟ (ಸ್ಪ್ರಿಂಗ್ ಪಟ್ಟಿ), ಕ್ಲಚ್, ಮುಂದಿನ ಚಕ್ರದ ಕಿಂಗ್ ಪಿನ್ ಈ ಕೆಲಸಗಳನ್ನು ನಿಮ್ಮ ಮೇಸ್ತ್ರಿ ಶೋರೂಮಿನ ಹೊಸ ಹುಡುಗರಿಗಿಂತ ಚೆನ್ನಾಗಿ ಮಾಡುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ನೀವು ಮನೆಯ ಹತ್ತಿರ ಉಳಿಸಿಕೊಳ್ಳುವ ಆ ಎರಡು ದಿನಕ್ಕೂ ಬೆಲೆಯಿದೆ, ಏಕೆಂದರೆ ಶೋರೂಮಿನಲ್ಲಿ ನಿಂತ ಲಾರಿಗೂ ಕಂತು ಕಟ್ಟಲೇಬೇಕು. ಆದರೆ ನಿಮ್ಮ ಅಪ್ಪನ ಲಾರಿಗೂ ನಿಮ್ಮ ಲಾರಿಗೂ ನಡುವೆ ಒಂದು ದೊಡ್ಡ ಬದಲಾವಣೆ ಆಗಿದೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ಜಾರಿಗೆ ಬಂದ ಮೇಲೆ ಹೊಗೆಯ ದಾರಿಯಲ್ಲಿ ಡಿಪಿಎಫ್, ಯೂರಿಯಾ ದ್ರಾವಣ ಸಿಂಪಡಿಸುವ ಎಸ್‌ಸಿಆರ್, ಹೊಗೆಯ ನೈಟ್ರೋಜನ್ ಆಕ್ಸೈಡನ್ನು ಅಳೆಯುವ ನಾಕ್ಸ್ ಸೆನ್ಸರ್ ಇವೆಲ್ಲ ಸೇರಿಕೊಂಡವು. ಡೀಸೆಲಿನಲ್ಲಿರುವ ಗಂಧಕದ ಮಿತಿಯೂ 50 ಪಿಪಿಎಂನಿಂದ 10 ಪಿಪಿಎಂಗೆ ಇಳಿಯಿತು. ಈ ಭಾಗಗಳ ಕೆಲಸಕ್ಕೆ ಸರಿಯಾದ ಸ್ಕ್ಯಾನರೂ ತರಬೇತಿಯೂ ಬೇಕು, ಅದಕ್ಕಾಗಿ ಮಾತ್ರ ಶೋರೂಮಿಗೆ ಹೋಗುವುದು ಸರಿ.

ಎಂಜಿನ್ ಆಯಿಲ್ಲನ್ನು ಮೇಸ್ತ್ರಿಯ ಹತ್ತಿರ ಬದಲಾಯಿಸಬಹುದು, ಆದರೆ ಆಯಿಲ್ ಯಾವುದೆಂದು ನೀವೇ ಪುಸ್ತಕ ನೋಡಿ ಕೊಳ್ಳಬೇಕು. ಡಿಪಿಎಫ್ ಇರುವ ಎಂಜಿನ್ನಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು, ಡಬ್ಬದ ಮೇಲೆ ಸಾಮಾನ್ಯವಾಗಿ ಸಿಕೆ 4 ಎಂಬ ಗುರುತು ಇರುತ್ತದೆ. ಹಳೆಯ ಲಾರಿಗಳಿಗೆ ಹಾಕುತ್ತಿದ್ದ ಸಿಐ 4 ಆಯಿಲ್ ಅಗ್ಗವೆಂದು ಹಾಕಿದರೆ ಗಾಡಿ ಅಂದೇ ನಿಲ್ಲುವುದಿಲ್ಲ, ಹಾಗಾಗಿಯೇ ತಪ್ಪು ಗೊತ್ತಾಗುವುದಿಲ್ಲ. ಡಿಪಿಎಫ್‌ನಲ್ಲಿ ಸೇರುವ ಮಸಿಯನ್ನು ಗಾಡಿ ತಾನೇ ಸುಟ್ಟುಕೊಳ್ಳುತ್ತದೆ, ಆಯಿಲ್ಲಿನಿಂದ ಬಂದ ಬೂದಿಯನ್ನು ಸುಡಲಾರದು. ಅದು ಫಿಲ್ಟರಿನಲ್ಲೇ ಕೂತು ಎಳೆತ ಕಡಿಮೆಯಾಗುತ್ತಾ ಬರುತ್ತದೆ. ಹಾಗೆಯೇ ಎಸ್‌ಸಿಆರ್‌ಗೆ ಬೇಕಾದ ಡಿಇಎಫ್ ಎಂದರೆ ಶುದ್ಧ ನೀರಿನಲ್ಲಿ ಶೇ 32.5ರಷ್ಟು ಯೂರಿಯಾ ಇರುವ ದ್ರಾವಣ. ಗೊಬ್ಬರದ ಯೂರಿಯಾವನ್ನು ನೀರಿಗೆ ಕಲಸಿ ಹಾಕುವವರನ್ನು ಕಂಡಿದ್ದೇನೆ, ದಯವಿಟ್ಟು ಆ ದಾರಿ ಹಿಡಿಯಬೇಡಿ. ನಮ್ಮಲ್ಲಿ 2015ರಿಂದ ಗೊಬ್ಬರದ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪನವಿದೆ. ಅದರ ಎಣ್ಣೆಯೂ ಕಲ್ಮಶವೂ ಪಂಪು, ನಾಝಲ್, ಎಸ್‌ಸಿಆರ್ ಎಲ್ಲವನ್ನೂ ಕೆಡಿಸುತ್ತವೆ. ರೈತರಿಗೆಂದು ಸಹಾಯಧನ ಕೊಟ್ಟ ಗೊಬ್ಬರವನ್ನು ಹೀಗೆ ಬಳಸುವುದು ಕಾನೂನಿಗೂ ವಿರುದ್ಧ.

ವಿಸ್ತರಿತ ವಾರಂಟಿಯನ್ನು ನಾನು ನಿಮ್ಮ ಮಟ್ಟಿಗೆ ಬೇಡವೆನ್ನುವುದಿಲ್ಲ. ಇರುವುದು ಒಂದೇ ಲಾರಿ, ಅದು ನಿಂತರೆ ಮನೆಯ ಆದಾಯವೇ ನಿಲ್ಲುತ್ತದೆ, ಹೌಸಿಂಗ್ ಅಥವಾ ಎಂಜಿನ್ನಿನ ದೊಡ್ಡ ಖರ್ಚು ಒಂದೇ ಸಲ ಬಂದರೆ ತಾಳಿಕೊಳ್ಳುವುದು ಕಷ್ಟ. ಆದರೆ ಅದು ಯಾವ ಭಾಗಗಳಿಗೆ ಅನ್ವಯಿಸುತ್ತದೆ, ಡಿಪಿಎಫ್, ಇಂಜೆಕ್ಟರ್ ಮತ್ತು ನಾಕ್ಸ್ ಸೆನ್ಸರ್ ಅದರಲ್ಲಿ ಸೇರಿವೆಯೇ, ಅದು ಊರ್ಜಿತವಾಗಿರಲು ಪ್ರತಿ ಸರ್ವಿಸನ್ನೂ ಶೋರೂಮಿನಲ್ಲೇ ಮಾಡಿಸಬೇಕೇ ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯದೆ ಹಣ ಕಟ್ಟಬೇಡಿ. ಸಾಮಾನ್ಯವಾಗಿ ಇದನ್ನು ಮೂಲ ವಾರಂಟಿ ಮುಗಿಯುವುದರೊಳಗೇ ಕೊಳ್ಳಬೇಕಾಗುತ್ತದೆ, ಹಾಗಾಗಿ ಉತ್ತರ ಪಡೆಯಲು ನಿಮಗಿರುವುದೂ ಅದೇ ನಾಲ್ಕು ತಿಂಗಳು. ವಾರ್ಷಿಕ ನಿರ್ವಹಣಾ ಒಪ್ಪಂದದ ಮಾತು ಹಾಗಲ್ಲ. ಹತ್ತಾರು ಲಾರಿ ಇಟ್ಟುಕೊಂಡು ಸ್ವಂತ ಮೇಸ್ತ್ರಿ ಇಲ್ಲದವರಿಗೆ ಅದು ಅನುಕೂಲ. ನಂಬಿಕೆಯ ಮೇಸ್ತ್ರಿ ಊರಿನಲ್ಲೇ ಇರುವ ನಿಮಗೆ ಅದು ಬೇಡವೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ನನ್ನ ಮೂರು ಟಿಪ್ಪರುಗಳು ಅದಿರು ಸಾಗಣೆಯಲ್ಲಿವೆ, ಮೂರಕ್ಕೂ ಚಾಲಕರಿದ್ದಾರೆ. ಒಂದರ ಸರ್ವಿಸ್ ದಿನ ಮೀರುತ್ತಿತ್ತು, ಶೋರೂಮಿನಲ್ಲಿ ಜಾಗವಿರಲಿಲ್ಲ, ಹೊರಗೆ ಆಯಿಲ್ ಬದಲಾಯಿಸಿದೆ. ಎರಡು ತಿಂಗಳ ನಂತರ ಟರ್ಬೋ ಹೋಯಿತು. ಹೊರಗೆ ಕೆಲಸ ಮಾಡಿಸಿದ್ದರಿಂದ ಇಡೀ ಗಾಡಿಯ ವಾರಂಟಿಯೇ ರದ್ದು ಎನ್ನುತ್ತಿದ್ದಾರೆ. ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದೇ?
— ಓದುಗರು, ಸಂಡೂರು

ಉತ್ತರ: ಒಂದು ಆಯಿಲ್ ಬದಲಾವಣೆಗಾಗಿ ಇಡೀ ಗಾಡಿಯ ವಾರಂಟಿ ರದ್ದು ಎನ್ನುವುದು ನ್ಯಾಯವಲ್ಲ. ಆದರೆ ಟರ್ಬೋ ವಿಷಯದಲ್ಲಿ ನಿಮಗೆ ಒಂದು ಅಡಚಣೆಯಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಟರ್ಬೋದ ಬೇರಿಂಗ್ ಉಳಿಯುವುದೇ ಎಂಜಿನ್ ಆಯಿಲ್ಲಿನಿಂದ. ಹೊರಗೆ ಹಾಕಿದ ಆಯಿಲ್ ಸರಿಯಾದ ದರ್ಜೆಯದೆಂದು ತೋರಿಸಲು ಆಯಿಲ್ ಮತ್ತು ಫಿಲ್ಟರಿನ ಬಿಲ್ ಇಲ್ಲದಿದ್ದರೆ ಅವರ ವಾದಕ್ಕೆ ಬಲ ಬರುತ್ತದೆ. ಬಿಲ್ ಇದ್ದರೆ, ವಾರಂಟಿ ನಿರಾಕರಿಸಿದ ಕಾರಣವನ್ನು ಬರಹದಲ್ಲಿ ಕೊಡಿ, ಟರ್ಬೋ ಏಕೆ ಹೋಯಿತೆಂಬ ಪರೀಕ್ಷಾ ವರದಿಯನ್ನೂ ಕೊಡಿ ಎಂದು ಕೇಳಿ. ವರದಿ ಬರುವವರೆಗೆ ಹಳೆಯ ಟರ್ಬೋವನ್ನು ಕೈಬಿಡಬೇಡಿ. ಗೇರ್‌ಬಾಕ್ಸಿಗೂ ಹೌಸಿಂಗ್‌ಗೂ ಆ ಎಂಜಿನ್ ಆಯಿಲ್ಲಿಗೂ ಸಂಬಂಧವಿಲ್ಲ, ಅವುಗಳ ವಾರಂಟಿ ಮುಂದುವರಿಯಬೇಕೆಂದು ಬೇರೆಯಾಗಿಯೇ ಬರೆಯಿರಿ.

ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳ ಮೇಲೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿದಾಗ ಇದೇ ತತ್ವವನ್ನು ಹೇಳಿತ್ತು. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವ ಷರತ್ತು ಇರಬಾರದು, ಹೊರಗಿನ ತಪ್ಪು ಕೆಲಸದಿಂದ ಎಷ್ಟು ಹಾನಿಯಾಯಿತೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂಬುದು ಅದರ ಸಾರ. ಆ ಆದೇಶ ಕಾರುಗಳಿಗೆ ಸಂಬಂಧಿಸಿದ್ದು, ಮೇಲ್ಮನವಿಗಳಿಗೂ ಹೋಯಿತು. ಆದ್ದರಿಂದ ಟಿಪ್ಪರಿನ ವ್ಯಾಜ್ಯಕ್ಕೆ ಅದನ್ನೇ ಆಧಾರವೆಂದು ನೆಚ್ಚಿಕೊಳ್ಳಬೇಡಿ, ಪತ್ರದಲ್ಲಿ ತರ್ಕವಾಗಿ ಬಳಸಿಕೊಳ್ಳಿ.

ನೀವು ಗ್ರಾಹಕರ ನ್ಯಾಯಾಲಯ ಎಂದಿರುವ ಗ್ರಾಹಕರ ಆಯೋಗದ ಬಾಗಿಲು ನಿಮಗೆ ತೆರೆಯುವುದು ಕಷ್ಟ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ಸ್ವಂತ ದುಡಿಮೆಯಿಂದ ಜೀವನ ನಡೆಸಲು ಕೊಂಡವರಿಗೆ ಮಾತ್ರ ವಿನಾಯಿತಿಯಿದೆ. 1995ರಲ್ಲಿ ಸುಪ್ರೀಂ ಕೋರ್ಟ್ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಲಾರಿಯ ಉದಾಹರಣೆಯನ್ನೇ ಕೊಟ್ಟು, ಲಾರಿ ಕೊಂಡು ತಾನೇ ಬಾಡಿಗೆಗೆ ಓಡಿಸುವವನು ಗ್ರಾಹಕ ಎಂದು ಹೇಳಿತು. ಪೂರ್ತಿಯಾಗಿ ಬೇರೆಯವರಿಂದಲೇ ನಡೆಸಲು ಯಂತ್ರ ಕೊಂಡವನು ಗ್ರಾಹಕನಲ್ಲ ಎಂದೂ ಸ್ಪಷ್ಟಪಡಿಸಿತು. ಹಾಗಾಗಿ ಮೇಲೆ ಬರೆದಿರುವ ರಾಣೆಬೆನ್ನೂರಿನವರು ಎರಡು ವರ್ಷದೊಳಗೆ ತಮ್ಮ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, 1915ಕ್ಕೆ ಕರೆ ಮಾಡಿ ಗ್ರಾಹಕ ಸಹಾಯವಾಣಿಯನ್ನೂ ಕೇಳಬಹುದು. ಚಾಲಕರನ್ನಿಟ್ಟು ಮೂರು ಟಿಪ್ಪರ್ ಓಡಿಸುವ ನಿಮಗೆ ಉಳಿಯುವುದು ಕಂಪನಿಯ ಪ್ರಾದೇಶಿಕ ಕಚೇರಿಗೆ ಪತ್ರ, ಅದಕ್ಕೂ ಬಗ್ಗದಿದ್ದರೆ ವಕೀಲರ ನೋಟಿಸು ಮತ್ತು ಸಿವಿಲ್ ದಾವೆ. ಗಣಿಯ ಗಾಡಿಗಳಿಗೆ ಕಿಲೋಮೀಟರ್ ಜೊತೆಗೆ ಎಂಜಿನ್ ಓಡಿದ ಗಂಟೆಗಳ ಲೆಕ್ಕದಲ್ಲೂ ಸರ್ವಿಸ್ ಅವಧಿ ಇರುತ್ತದೆ. ಉಳಿದ ಎರಡು ಟಿಪ್ಪರುಗಳ ಗಂಟೆಯ ಮೀಟರನ್ನು ಇವತ್ತೇ ನೋಡಿಕೊಳ್ಳಿ.

ಪ್ರಶ್ನೆ: ಎರಡು ವರ್ಷ ಓಡಿದ ಬಿಎಸ್ 6 ಲಾರಿಯನ್ನು ಕೊಳ್ಳುತ್ತಿದ್ದೇನೆ. ವಾರಂಟಿ ಇನ್ನೂ ಇದೆ ಎಂದು ಮಾರುವವರು ಹೇಳುತ್ತಾರೆ. ನಂಬಬಹುದೇ?
— ಓದುಗರು, ಹಿರಿಯೂರು

ಉತ್ತರ: ಮುಂಗಡ ಕೊಡುವ ಮೊದಲು ಚಾಸಿ ನಂಬರ್ ತೆಗೆದುಕೊಂಡು, ಮಾರುವವರನ್ನೂ ಜೊತೆಗೆ ಕರೆದುಕೊಂಡು ಆ ಕಂಪನಿಯ ಯಾವುದಾದರೂ ಶೋರೂಮಿಗೆ ಹೋಗಿ, ಇಲ್ಲಿಯವರೆಗಿನ ಸರ್ವಿಸ್ ವಿವರವನ್ನು ತೆಗೆಸಿ. ಯಾವ ಸರ್ವಿಸ್ ತಪ್ಪಿದೆ, ಯಾವ ಕ್ಲೇಮ್ ತಿರಸ್ಕೃತವಾಗಿದೆ, ಪ್ರತಿ ಸಲ ಮೀಟರ್ ಎಷ್ಟಿತ್ತು ಎಂಬುದೆಲ್ಲ ಅಲ್ಲಿ ಸಿಗುತ್ತದೆ, ಮೀಟರ್ ಹಿಂದಕ್ಕೆ ತಿರುಗಿಸಿದ್ದರೂ ಬಯಲಾಗುತ್ತದೆ. ಮಾಲೀಕರು ಬದಲಾದರೆ ವಾರಂಟಿ ಮುಂದುವರಿಯಲು ಏನು ಮಾಡಬೇಕೆಂದು ವಾರಂಟಿ ಪುಸ್ತಕದಲ್ಲೇ ಇರುತ್ತದೆ, ಆ ಭಾಗವನ್ನು ಓದಿಸಿಕೊಳ್ಳಿ. ಡಿಇಎಫ್ ವ್ಯವಸ್ಥೆಯನ್ನು ವಂಚಿಸುವ ಸಣ್ಣ ಡಬ್ಬಿಯನ್ನು ವೈರಿಂಗಿಗೆ ಜೋಡಿಸಿದ್ದಾರೆಯೇ ಎಂದು ತಿಳಿದ ಎಲೆಕ್ಟ್ರಿಷಿಯನ್ ಒಬ್ಬರಿಂದ ನೋಡಿಸಿ. ಅಂಥದ್ದು ಸಿಕ್ಕಿದರೆ ವಾರಂಟಿಯ ಆಸೆ ಬಿಟ್ಟು, ಎಸ್‌ಸಿಆರ್ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ, ಇಲ್ಲವೇ ಆ ಲಾರಿಯನ್ನು ಬಿಟ್ಟು ಬೇರೆಯದನ್ನು ನೋಡಿ.